ಒಂಬತ್ತು ವರ್ಷ ಒಳಗಿದ್ದದ್ದು

ಇಂದ್ರಾಣಿ ಮದುವೆಯಾಗಿ ಕಲ್ಯಾಣದುರ್ಗಕ್ಕೆ ಬಂದ ವರ್ಷವೇ ನಾನೂ ಆ ಊರಿಗೆ ವರ್ಗವಾಗಿ ಬಂದಿದ್ದೆ. ನಾನು ಎಎನ್‌ಎಂ, ಜನರ ಬಾಯಲ್ಲಿ ನರ್ಸಮ್ಮ. ಕೆಲಸ ಬೆಳುಗುಪ್ಪದ ಕಡೆಯ ಹಳ್ಳಿಗಳಲ್ಲಿ, ಬಾಡಿಗೆ ಮನೆ ಕಲ್ಯಾಣದುರ್ಗದಲ್ಲಿ. ಅವಳ ಗಂಡನ ಮನೆ ನನ್ನದಕ್ಕೆ ಎರಡು ಬಾಗಿಲು ಆಚೆ. ಬೆಳಗ್ಗೆ ಷೇರ್ ಜೀಪು ಹಿಡಿಯಲು ನಾನು ಓಡುವಾಗ ಅವಳು ಬಾಗಿಲಿಗೆ ನೀರು ಹಾಕುತ್ತಾ ನಿಂತಿರುತ್ತಿದ್ದಳು. "ಯಶೋದಕ್ಕಾ, ಏನಾರ ತಿಂದ್ಯಾ?" ಎಂದು ದಿನವೂ ಕೇಳುವಳು. ಇಲ್ಲ ಎಂದರೆ ಒಳಗೆ ಹೋಗಿ ಎರಡು ರೊಟ್ಟಿ ಪೇಪರಿನಲ್ಲಿ ಸುತ್ತಿ ತಂದು ಕೊಡುವಳು. ಅಷ್ಟರಲ್ಲಿ ಜೀಪು ಹೊರಟುಹೋಗಿರುತ್ತಿತ್ತು. ಆದರೂ ನಾನು ಬಹಳ ದಿನ ಇಲ್ಲ ಎಂದೇ ಹೇಳಿದೆ.

ಅವಳದು ಹಿಂದೂಪುರದ ನೇಕಾರರ ಮನೆ. ಅಪ್ಪ ಕೇಶವಯ್ಯ ಮಗ್ಗದ ಮುಂದೆ ಕೂತಿದ್ದ ಹಾಗೇ ಎದೆ ಹಿಡಿದುಕೊಂಡು ತೀರಿಕೊಂಡಿದ್ದ. ಅಮ್ಮ ಶಿವಲಕ್ಷ್ಮಮ್ಮ ಬೇರೆಯವರ ಮಗ್ಗಗಳಿಗೆ ರೇಷ್ಮೆ ನೂಲು ಸುತ್ತಿಕೊಟ್ಟು ಇದ್ದೊಬ್ಬ ಮಗಳನ್ನು ಸಾಕಿದ್ದಳು. ಗಂಡ ತಿರುಮಲೇಶನದೂ ಅದೇ ಕುಲ, ಆದರೆ ಅವರ ಮಗ್ಗ ಅಜ್ಜನ ಕಾಲಕ್ಕೇ ಹೋಗಿತ್ತು. ಈಗ ಬಸ್‌ಸ್ಟ್ಯಾಂಡಿನ ಎದುರು ಬಟ್ಟೆ ಅಂಗಡಿ. ಮೆತ್ತಗಿನ ಮನುಷ್ಯ. ಮನೆಯಲ್ಲಿ ನಡೆಯುತ್ತಿದ್ದದ್ದು ಅವನ ತಾಯಿ ಪೆದ್ದಮ್ಮನ ಮಾತು. ಆಕೆಯೂ ಕೆಟ್ಟವಳಲ್ಲ. ಇದರಲ್ಲಿ ಕೆಟ್ಟವರು ಇಂಥವರು ಅಂತ ಬೆರಳು ಮಾಡಿ ತೋರಿಸಲು ನನಗೆ ಇವತ್ತಿಗೂ ಆಗಿಲ್ಲ.

ಎರಡು ಸಾವಿರದ ಹದಿನಾಲ್ಕರಲ್ಲಿ ಇಂದ್ರಾಣಿ ಬಸುರಿಯಾದಳು. ಏಳನೇ ತಿಂಗಳಿಗೆ ಬಾಣಂತನಕ್ಕೆಂದು ಹಿಂದೂಪುರಕ್ಕೆ ಹೋದಳು. ಎಂಟರಲ್ಲಿ ಒಂದು ಮಧ್ಯಾಹ್ನ ತಲೆನೋವು ಅಂತ ಮಲಗಿದವಳಿಗೆ ಫಿಟ್ಸ್ ಬಂತು. ಬಿಪಿ ಏರಿ ಹಾಗಾಗುತ್ತದೆ, ಬಹಳ ಅಪಾಯ. ಅಕ್ಕಪಕ್ಕದವರು ಆಟೋದಲ್ಲಿ ಒಂದು ನರ್ಸಿಂಗ್ ಹೋಮಿಗೆ ಹಾಕಿಕೊಂಡು ಹೋದರು. ತಿರುಮಲೇಶ ಕಲ್ಯಾಣದುರ್ಗದಿಂದ ಬಸ್ಸು ಹತ್ತಿ ಪಾವಗಡ ದಾಟುವಷ್ಟರಲ್ಲಿ ಅಲ್ಲಿ ಆಪರೇಷನ್ ಮಾಡಿ ಮಗು ತೆಗೆದಿದ್ದರು. ಹೆಣ್ಣು ಮಗು, ಅಂಗೈಯಷ್ಟು. ಇಂದ್ರಾಣಿಗೆ ಎಚ್ಚರ ಬಂದದ್ದು ಮಾರನೇ ಸಂಜೆ. ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅವಳು ಅದನ್ನು ನೋಡಿದ್ದು ಮೂರು ಸಲ, ಎತ್ತಿಕೊಂಡದ್ದು ಒಂದು ಸಲ. ಒಂಬತ್ತನೇ ದಿನ ಅದು ಹೋಯಿತು.

ನಾಲ್ಕು ತಿಂಗಳ ಮೇಲೆ ಅವಳು ಕಲ್ಯಾಣದುರ್ಗಕ್ಕೆ ವಾಪಸ್ಸು ಬಂದಾಗ ಮುಖ ಊದಿಕೊಂಡ ಹಾಗಿತ್ತು. ನನ್ನ ಮನೆಗೆ ಬಂದು ಸುಮ್ಮನೆ ಗೋಡೆಗೆ ಒರಗಿ ಕೂತಳು. ನಾನು ನನ್ನ ಕೆಲಸದ ಮಾತನ್ನೇ ಹೇಳಿದೆ. "ಎರಡು ಮೂರು ವರ್ಷ ಬಿಟ್ಟುಕೊಂಡು ನೋಡು ಇಂದ್ರಾ. ಹೊಲಿಗೆ ಗಟ್ಟಿಯಾಗಲಿ. ಮೊದಲ ತಿಂಗಳಿಂದ್ಲೇ ಬಿಪಿ ನೋಡ್ಕೊಂಡ್ರೆ ಏನೂ ಆಗಲ್ಲ."

"ಮೂರು ವರ್ಷ ಯಾರು ಕಾಯ್ತಾರಕ್ಕ," ಅಂದಳು.

ಯಾರೂ ಕಾಯಲಿಲ್ಲ. ವರ್ಷ ತಿರುಗುವ ಮೊದಲೇ ಪೆದ್ದಮ್ಮ ಶುರು ಮಾಡಿದಳು. ಇಂದ್ರಾಣಿಗೂ ಆಸೆ ಹೊತ್ತಿಕೊಂಡಿತ್ತು. ಆ ಒಂದು ಸಲ ಎತ್ತಿಕೊಂಡ ತೂಕ ಅವಳ ಕೈಯಿಂದ ಹೋಗಿರಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮುಟ್ಟಾದ ದಿನಕ್ಕೆ ಕೆಂಪು ಪೆನ್ನಿನ ಗುರುತು. ಒಂದು ದಿನ ತಡವಾದರೆ ನನ್ನ ಬಾಗಿಲಿಗೆ ಬರುವಳು, ಮಾತಾಡದೆ ಕಣ್ಣಲ್ಲೇ ಕೇಳುವಳು. ನಾನು ಟೆಸ್ಟ್ ಕಿಟ್ ಕೊಡುವೆ. ಒಂದೇ ಗೆರೆ ಬರುವುದು. ಪ್ರತಿ ಸಲವೂ ಒಂದೇ ಗೆರೆ.

ಆಮೇಲಾಮೇಲೆ ಅವಳ ಮುಟ್ಟು ಜೋರಾಯಿತು. ಆರು ದಿನ, ಏಳು ದಿನ. ಹೊಟ್ಟೆ ಹಿಂಡಿ ನೆಲದ ಮೇಲೆ ಮುದುರಿ ಮಲಗುವಳು. ನಾನು ಐರನ್ ಮಾತ್ರೆ ಕೊಟ್ಟೆ.  ಅದೇ ತಿಂಗಳುಗಳಲ್ಲಿ ನಾನು ಹಳ್ಳಿ ಹಳ್ಳಿಯ ಅಂಗನವಾಡಿಯಲ್ಲಿ ರಬ್ಬರಿನ ಗರ್ಭಕೋಶದ ಬೊಂಬೆ ಹಿಡಿದು ಹೆಂಗಸರಿಗೆ ಹೇಳುತ್ತಿದ್ದೆ: ಇದು ಕಾಪರ್‌-ಟಿ. ಇದರ ಮೈಗೆ ತಾಮ್ರದ ತಂತಿ ಸುತ್ತಿರ್ತಾರೆ. ಇದು ಒಳಗಿದ್ದರೆ ಬಸುರಿ ನಿಲ್ಲಲ್ಲ. ಹತ್ತು ವರ್ಷ ಕೆಲಸ ಮಾಡ್ತದೆ, ಬೇಡ ಅಂದ ದಿನ ತೆಗೆಸಬಹುದು. ಇದನ್ನ ಹಾಕಿದ ಮೇಲೆ ಕೆಲವರಿಗೆ ಮುಟ್ಟು ಜಾಸ್ತಿ ಹೋಗ್ತದೆ, ಹೊಟ್ಟೆ ನೋಯ್ತದೆ, ಹೆದರಬೇಡಿ. ಇಷ್ಟನ್ನೂ ಬಾಯಿಪಾಠವಾಗಿ ಹೇಳುತ್ತಿದ್ದ ನಾನು ಸಂಜೆ ಮನೆಗೆ ಬಂದು ಪಕ್ಕದಲ್ಲೇ ಹೊಟ್ಟೆ ಹಿಡಿದು ಮಲಗಿದ್ದವಳಿಗೆ ಐರನ್ ಮಾತ್ರೆ ಕೊಟ್ಟೆ. ಮಗು ಬೇಕು ಅಂತ ಒದ್ದಾಡುವವಳ ಒಳಗೆ ಅದು ಇರಬಹುದು ಅಂತ ಯಾವ ನರ್ಸಿಗೆ ಹೊಳೆಯುತ್ತದೆ?

ಹೊಳೆಯಬೇಕಿತ್ತು.

ಮೂರು ವರ್ಷವಾದ ಮೇಲೆ ನಾನೇ ಪಟ್ಟು ಹಿಡಿದೆ. ಅನಂತಪುರಕ್ಕೆ ಹೋಗಿ ಒಂದು ಸ್ಕ್ಯಾನ್ ಮಾಡಿಸೋಣ, ಗಂಡ ಹೆಂಡತಿ ಇಬ್ಬರಿಗೂ ಟೆಸ್ಟ್ ಮಾಡಿಸೋಣ ಅಂದೆ. ತಿರುಮಲೇಶ ಒಪ್ಪಿದ. ಇಂದ್ರಾಣಿ ಅಮ್ಮನಿಗೆ ಫೋನ್ ಮಾಡಿ ಹೇಳಿದಳು. ಮಾರನೇ ದಿನವೇ ಶಿವಲಕ್ಷ್ಮಮ್ಮ ಬಸ್ಸಿಳಿದು ಬಂದುಬಿಟ್ಟಳು.

"ಅನಂತಪುರ ಯಾಕಮ್ಮ, ಅಲ್ಲಿ ನಮಗ್ಯಾರು ಗೊತ್ತು? ಆಪರೇಷನ್ ಮಾಡಿದ ಡಾಕ್ಟರು ನಮ್ಮೂರಲ್ಲೇ ಅವ್ರೆ. ಅಲ್ಲೇ ತೋರಿಸ್ಕೊಂಡು ಬತ್ತೀನಿ," ಅಂದಳು. ನನಗೂ ಅದು ಸರಿಯೆನಿಸಿತು. ಮಗಳನ್ನು ಕರೆದುಕೊಂಡು ಹೋದಳು. ಎಂಟು ದಿನದ ಮೇಲೆ ಇಂದ್ರಾಣಿ ಬಂದು ಹೇಳಿದಳು, ಆ ಡಾಕ್ಟರು ಊರು ಬಿಟ್ಟು ಹೋಗಿದಾರಂತೆ, ಅಮ್ಮ ಬೇರೆ ಒಬ್ಬರ ಹತ್ತಿರ ಕರಕೊಂಡು ಹೋದಳು, ಅವರು ನಾಡಿ ನೋಡಿ ಎಲ್ಲಾ ಸರಿಯಾಗೈತೆ, ದೇವರು ಕೊಟ್ಟಾಗ ಆಯ್ತದೆ ಅಂದರು. ಲೇಪಾಕ್ಷಿ ವೀರಭದ್ರಸ್ವಾಮಿಗೆ ಹರಕೆ ಕಟ್ಟಿಕೊಂಡು ಬಂದಿದ್ದರು.

"ಸ್ಕ್ಯಾನ್?" ಅಂತ ಕೇಳಿದೆ.

"ಬೇಕಿಲ್ಲ ಅಂದ್ರಂತೆ. ಅಮ್ಮ ಹೇಳಿದ್ಳು."

ಆಮೇಲೆ ನಾನು ಮತ್ತೆ ಒತ್ತಾಯ ಮಾಡಲಿಲ್ಲ. ಅದೇ ಸಮಯಕ್ಕೆ ತಿರುಮಲೇಶ ಒಬ್ಬನೇ ಅನಂತಪುರಕ್ಕೆ ಹೋಗಿ ತನ್ನ ಟೆಸ್ಟ್ ಮಾಡಿಸಿಕೊಂಡು ಬಂದ. ರಿಪೋರ್ಟು ಚೆನ್ನಾಗಿತ್ತು. ಆ ಕಾಗದ ಮನೆಗೆ ಬಂದದ್ದೇ ಇಂದ್ರಾಣಿಗೆ ಮುಳುವಾಯಿತು. ಇವನಲ್ಲಿ ದೋಷವಿಲ್ಲ ಅಂದಮೇಲೆ ಯಾರಲ್ಲಿ? ಪೆದ್ದಮ್ಮ ಜಗಳ ಮಾಡಲಿಲ್ಲ, ಬೈಯಲೂ ಇಲ್ಲ. ಊಟದ ಹೊತ್ತಿಗೆ, ಬಟ್ಟೆ ಒಗೆಯುವ ಹೊತ್ತಿಗೆ, ಮೆಲ್ಲಗೆ ತೆಲುಗಿನಲ್ಲಿ ಒಂದೇ ಮಾತು: "ವಂಶಂ ಆಗಿಪೋತುಂದಿ ಕದಮ್ಮಾ." ವಂಶ ನಿಂತುಹೋಯ್ತದಲ್ಲಮ್ಮ. ಎರಡು ವರ್ಷ ಇದನ್ನು ಕೇಳಿದ ಇಂದ್ರಾಣಿ ಕೊನೆಗೆ ತಾನೇ ಗಂಡನಿಗೆ ಹೇಳಿದಳು, ಇನ್ನೊಂದು ಮಾಡ್ಕೋ ಅಂತ. ಅವನು ಮೂರು ದಿನ ಅಂಗಡಿ ತೆಗೆಯಲಿಲ್ಲ. ಆಮೇಲೆ ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ಸಹಿ ಹಾಕಿದರು.

ಅವಳು ಹೊರಟ ದಿನ ನಾನು ರಜ ಹಾಕಿದ್ದೆ. ಒಂದು ಸೂಟ್‌ಕೇಸು, ಒಂದು ಚೀಲ. ತಿರುಮಲೇಶ ಬಸ್‌ಸ್ಟ್ಯಾಂಡಿನವರೆಗೂ ಹೊತ್ತು ತಂದ. ಬಸ್ಸಿನ ಕಿಟಕಿಯ ಕೆಳಗೆ ನಿಂತು, "ಹುಷಾರು," ಅಂದ. ಅವಳು, "ಬಿಪಿ ಮಾತ್ರೆ ಅತ್ತೆಗೆ ಸಂಜೇದು ಮರೀಬೇಡ," ಅಂದಳು. ಮರುವರ್ಷ ಅವನು ಹರ್ಷಿತಾ ಅನ್ನುವ ಹುಡುಗಿಯನ್ನು ಮದುವೆಯಾದ. ವರ್ಷ ತುಂಬುವಷ್ಟರಲ್ಲಿ ಒಂದು ಹೆಣ್ಣು ಮಗುವಾಯಿತು.

ಇಂದ್ರಾಣಿ ಹಿಂದೂಪುರದಲ್ಲಿ ಗಾರ್ಮೆಂಟ್ಸಿಗೆ ಸೇರಿದಳು. ಅಂಗಿಯ ಕಾಲರ್ ಹೊಲಿಯುವ ಕೆಲಸ. ವಾರಕ್ಕೊಮ್ಮೆ ಫೋನ್ ಮಾಡುವಳು, ಸೂಪರ್‌ವೈಸರ್ ಚಲಪತಿಯ ಮಾತಿನ ಧಾಟಿ ಅಣಕಿಸಿ ನಗಿಸುವಳು. ತಿರುಮಲೇಶನ ಮಗುವಿನ ಹೆಸರು ಏನಿಟ್ಟರು ಅಂತ ಒಂದು ಸಲ ಕೇಳಿದಳು. ಹೇಳಿದೆ. "ಚೆನ್ನಾಗೈತೆ," ಅಂದು ಫೋನ್ ಇಟ್ಟಳು.

ಎರಡು ಸಾವಿರದ ಇಪ್ಪತ್ತಮೂರರ ಬೇಸಗೆ. ನಾನು ಒಂದು ಹಳ್ಳಿಯ ಶಾಲೆಯ ಜಗಲಿಯಲ್ಲಿ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದೆ. ಇಂದ್ರಾಣಿಯಿಂದ ಒಂದು ಫೋಟೋ ಬಂತು, ಹಿಂದೆಯೇ ಫೋನ್. ಎರಡು ದಿನದಿಂದ ಬೆನ್ನು, ಪಕ್ಕೆ ನೋವು, ಕಿಡ್ನಿಯಲ್ಲಿ ಕಲ್ಲಿರಬೇಕು ಅಂತ ಎಕ್ಸ್‌ರೇ ತೆಗೆಸಿದ್ದಳು. ಕಲ್ಲೂ ಇತ್ತು, ಚಿಕ್ಕದು.

"ಯಶೋದಕ್ಕಾ, ಎಕ್ಸ್‌ರೇ ತೆಗ್ಯೋ ಅಣ್ಣ ಏನೋ ಕೇಳಿದ. ಕಾಪರ್‌-ಟಿ ಯಾವಾಗ ಹಾಕಿಸ್ಕೊಂಡೆ ಅಂತ. ನಾನು ಹಾಕಿಸ್ಕೊಂಡಿಲ್ಲ ಅಂದೆ. ಅವನು ನಗಾಡಿದ. ನೀನು ನೋಡಿ ಹೇಳು, ಅದು ಏನು ಅಂತ."

ಲಸಿಕೆಯ ಬಾಕ್ಸು ಮುಚ್ಚಿ, ಬಿಸಿಲಿನಿಂದ ಒಳಗೆ ಹೋಗಿ ಫೋಟೋ ದೊಡ್ಡದು ಮಾಡಿ ನೋಡಿದೆ. ಸೊಂಟದ ಮೂಳೆಗಳ ನಡುವೆ, ಬೆಳ್ಳಗೆ, ಸ್ವಲ್ಪ ವಾಲಿಕೊಂಡು, ಇಂಗ್ಲಿಷಿನ ಟಿ ಅಕ್ಷರ. ಇದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಹದಿನೈದು ವರ್ಷದ ಸರ್ವಿಸಿನಲ್ಲಿ ಎಷ್ಟು ಸಲ ನೋಡಿದ್ದೇನೋ.

"ಅದೇ ಕಣಮ್ಮ," ಅಂದೆ.

 "ಯಾರು ಹಾಕಿದ್ರು?" ಅಂತ ಕೇಳಿದಳು. ನನ್ನನ್ನೇ ಕೇಳಿದ ಹಾಗಿತ್ತು.

ಭಾನುವಾರ ಮೊದಲ ಬಸ್ಸಿಗೆ ಹಿಂದೂಪುರಕ್ಕೆ ಹೋದೆ. ಶಿವಲಕ್ಷ್ಮಮ್ಮ ಹಜಾರದಲ್ಲಿ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದಳು. ಇಂದ್ರಾಣಿ ಎದುರಿಗೆ ಕೂತು ಎಕ್ಸ್‌ರೇಯ ಕವರನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮೂರು ದಿನದಿಂದ ಅವಳು ಅಮ್ಮನಿಗೆ ಏನೂ ಹೇಳಿರಲಿಲ್ಲ. ನಾನು ಬರಲಿ ಅಂತ ಕಾದಿದ್ದಳು.

ನಾನೇ ಕೇಳಿದೆ. "ಅಮ್ಮಾ, ಆಪರೇಷನ್ ಆದಾಗ ಡಾಕ್ಟರು ನಿಮ್ಮ ಹತ್ರ ಏನಾದ್ರೂ ಸಹಿ ಹಾಕಿಸ್ಕೊಂಡ್ರಾ?"

ರಾಟೆ ನಿಂತಿತು. ಆಕೆ ನನ್ನ ಮುಖ ನೋಡಲಿಲ್ಲ, ಮಗಳ ಮುಖವನ್ನೂ ನೋಡಲಿಲ್ಲ. ಎದ್ದು ಒಳಗೆ ಹೋಗಿ ಟ್ರಂಕು ತೆಗೆದು, ತನ್ನ ಧಾರೆ ಸೀರೆಯ ಮಡಿಕೆಯೊಳಗಿಂದ ಒಂದು ಹಳದಿ ಕಾರ್ಡು ತಂದು ನನ್ನ ಕೈಗೆ ಕೊಟ್ಟಳು. ತೆಲುಗಿನಲ್ಲಿ ಅಚ್ಚಾದದ್ದು. ಇಂದ್ರಾಣಿಯ ಹೆಸರು, ಹಾಕಿದ ತಾರೀಖು, ಆರು ವಾರಕ್ಕೆ ಬಂದು ತೋರಿಸಬೇಕು ಅನ್ನುವ ಸಾಲು. ಕೆಳಗೆ, ಮಗು ಬೇಕೆನಿಸಿದಾಗ ಯಾವಾಗ ಬೇಕಾದರೂ ತೆಗೆಸಬಹುದು ಅಂತ ಬರೆದಿತ್ತು.

"ನಿನಗೆ ಗೊತ್ತಿತ್ತಾ?" ಇಂದ್ರಾಣಿ ಕೇಳಿದಳು. ದನಿ ಏರಿಸಲಿಲ್ಲ.

ಶಿವಲಕ್ಷ್ಮಮ್ಮ ಕೆಳಗೆ ಕೂತಳು. "ನಮ್ಮಕ್ಕ ಲಕ್ಷ್ಮೀದೇವಿ ಹೆಂಗೆ ಸತ್ಳು ಗೊತ್ತಾ ನಿಂಗೆ? ಫಿಟ್ಸ್ ಬಂದೇ ಸತ್ತಿದ್ದು. ಮೊದಲ್ನೇದಕ್ಕೆ ಬಂತು, ಬದುಕಿದ್ಳು. ಎರಡನೇದಕ್ಕೆ ಲೇಪಾಕ್ಷಿಯಿಂದ ಬರೋ ದಾರೀಲಿ ನನ್ನ ತೊಡೆ ಮ್ಯಾಲೆ ಹೋಗ್ಬುಟ್ಳು. ನಾಲಿಗೆ ಕಚ್ಕೊಂಡಿದ್ಳು. ಅವತ್ತು ನೀನೂ ಹಂಗೇ ಕಚ್ಕೊಂಡಿದ್ದೆ. ಡಾಕ್ಟ್ರು ಆಚೆ ಬಂದು, ಈಗ್ಲೇ ಇನ್ನೊಂದು ನಿಂತ್ರೆ ಕಷ್ಟ ಕಣಮ್ಮ, ಮೂರು ವರ್ಷ ಗ್ಯಾಪ್ ಬೇಕು, ಒಳಗೆ ಒಂದು ಸಾಧನ ಹಾಕ್ತೀವಿ, ಸಹಿ ಹಾಕು ಅಂದ್ರು. ಹಾಕ್ದೆ. ಹತ್ತು ಸಹಿ ಕೇಳಿದ್ರೂ ಹಾಕ್ತಿದ್ದೆ."

"ಎಚ್ಚರ ಆದ್ಮೇಲೆ ನಂಗೆ ಹೇಳ್ಬೌದಿತ್ತಲ್ಲ."

"ಹೇಳಣ ಅನ್ಕೊಂಡೆ. ಅಷ್ಟರಲ್ಲಿ ಮಗು ಹೋಯ್ತು. ಹೇಳಿದ್ರೆ ಅವತ್ತೇ ತೆಗೆಸ್ಕೊಂಡು ಅವರ ಮನೆಗೆ ಹೋಯ್ತೀಯ ಅನ್ನಿಸ್ತು. ಮೂರು ವರ್ಷ ಆಗ್ಲಿ ಅಂದ್ಕೊಂಡೆ."

"ಮೂರು ವರ್ಷ ಆಯ್ತಲ್ಲಮ್ಮ," ಅಂದೆ ನಾನು. "ನಾನು ಸ್ಕ್ಯಾನಿಗೆ ಕರಕೊಂಡು ಹೋಯ್ತೀನಿ ಅಂದಾಗ ನೀವೇ ಬಂದು ತಡೆದ್ರಿ."

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು. "ಅವಾಗ ತೆಗೆಸೋಕೇ ಅಂತಾನೇ ಕರ್ಕೊಂಡು ಬಂದಿದ್ದೆ ಕಣಮ್ಮ. ಆ ಡಾಕ್ಟ್ರು ಇರ್ಲಿಲ್ಲ. ನಮ್ಮ ಬೀದೀಲಿ ಒಬ್ಬಳನ್ನ ಕೇಳ್ದೆ. ಅವಳಂದ್ಳು, ಅಷ್ಟು ವರ್ಷ ಇದ್ರೆ ಅದು ಮಾಂಸಕ್ಕೆ ಅಂಟ್ಕೊಂಡು ಬೆಳ್ದಿರ್ತದೆ, ಕಿತ್ರೆ ರಕ್ತ ನಲ್ಲಿ ಬಿಟ್ಟಂಗೆ ಹೋಯ್ತದೆ, ಯಾರೋ ಹಂಗೇ ಸತ್ಳು ಅಂತ. ನಂಗೆ ಕೈಕಾಲು ಬರ್ಲಿಲ್ಲ. ತೆಗೆಸಿದ್ರೂ ಸಾಯ್ತಾಳೆ, ತೆಗೆಸಿ ಬಸುರಿ ಆದ್ರೂ ಸಾಯ್ತಾಳೆ. ಸುಮ್ನಿದ್ಬುಟ್ಟೆ. ಆಮೇಲೆ ಇನ್ನೊಂದು ಮದುವೆ ಮಾತು ಬಂತು. ಆಗ ಹೇಳಿದ್ರೆ ನೀನು ನನ್ನ ಮುಖ ನೋಡ್ತಿದ್ಯಾ?"

ಅಂಟಿಕೊಂಡು ಬೆಳೆಯುತ್ತದೆ, ಎದೆಗೆ ಹತ್ತುತ್ತದೆ, ಗಂಡನಿಗೆ ಚುಚ್ಚುತ್ತದೆ: ಇಂಥ ಮಾತುಗಳನ್ನು ಹೆಂಗಸರ ತಲೆಯಿಂದ ತೆಗೆಯುವುದಕ್ಕೇ ಸರ್ಕಾರ ನನಗೆ ಸಂಬಳ ಕೊಡುತ್ತದೆ. ನೂರಾರು ಜನರ ತಲೆಯಿಂದ ತೆಗೆದಿದ್ದೆ. ಈ ಒಬ್ಬಾಕೆ ನನ್ನ ಮನೆಗೆ ಬಂದು, ನನ್ನ ಚಾಪೆಯ ಮೇಲೆ ಕೂತು ಕಾಫಿ ಕುಡಿದು ಹೋಗಿದ್ದಳು. ಆಕೆ ಕೇಳಲಿಲ್ಲ, ನನಗೆ ಹೇಳಲು ತೋಚಲಿಲ್ಲ.

ಇಂದ್ರಾಣಿ ಎದ್ದಳು. ಅಳಲಿಲ್ಲ, ಬೈಯಲಿಲ್ಲ. ಅಮ್ಮನ ಮುಂದಿದ್ದ ರಾಟೆಯನ್ನು ಗೋಡೆಯ ಕಡೆ ಸರಿಸಿ, ನನಗೆ ಊಟಕ್ಕೆ ಎಲೆ ಹಾಕಿದಳು.

ಮಾರನೇ ದಿನ ಒಬ್ಬರು ಡಾಕ್ಟರಮ್ಮನ ಹತ್ತಿರ ಹೋದೆವು. ಕಾಪರ್‌-ಟಿಯ ತುದಿಗೆ ಇರುವ ದಾರ ಒಳಗೆ ಸುರುಳಿಯಾಗಿ ಮೇಲೆ ಸೇರಿಕೊಂಡಿತ್ತು, ಹೊರಗೆ ಕಾಣುತ್ತಿರಲಿಲ್ಲ. ಆಪರೇಷನ್ ವೇಳೆ ಹಾಕಿದಾಗ ಹಾಗೆ ಆಗುವುದುಂಟು. ಅದಕ್ಕೇ ಬೆರಳಿಗೆ ಯಾವತ್ತೂ ಸಿಕ್ಕಿರಲಿಲ್ಲ. ಡಾಕ್ಟರಮ್ಮ ಸ್ಕ್ಯಾನ್ ಮಾಡಿ ನೋಡಿ, ಸಣ್ಣ ಚಿಮಟದ ಹಾಗಿರುವ ಸಾಧನ ಹಾಕಿ ತೆಗೆದರು. ನಾನು ಇಂದ್ರಾಣಿಯ ಕೈ ಹಿಡಿದಿದ್ದೆ. ಒಂದು ಸಲ ಜೋರಾಗಿ ಹಿಂಡಿದಳು, ಅಷ್ಟೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ರಕ್ತ ನಾಲ್ಕು ಹನಿ.

ಡಾಕ್ಟರಮ್ಮನಿಗೆ ಮನೆಯ ಕಥೆಯೇನೂ ಗೊತ್ತಿರಲಿಲ್ಲ. ಕೈ ತೊಳೆಯುತ್ತಾ ಹೇಳಿದರು, "ಗರ್ಭಕೋಶ ಚೆನ್ನಾಗಿದೆ. ಮಗು ಬೇಕು ಅಂದ್ರೆ ಮುಂದಿನ ತಿಂಗಳಿಂದ್ಲೇ ನಿಲ್ಲಬಹುದು. ವಯಸ್ಸು ಎಷ್ಟು? ಮೂವತ್ತಮೂರಾ? ಟೈಮ್ ಇದೆ. ಮೊದಲ ಸಲ ಫಿಟ್ಸ್ ಬಂದಿತ್ತು ಅಂತೀರಿ, ಶುರುವಿನಿಂದ್ಲೇ ಬಿಪಿ ನೋಡ್ಕೊಂಡ್ರಾಯ್ತು. ಯಜಮಾನರು ಬಂದಿದಾರಾ?"

ಇಂದ್ರಾಣಿ, "ಊರಲ್ಲವ್ರೆ," ಅಂದಳು.

ಹದಿನೈದು ದಿನ ಬಿಟ್ಟು ಅವಳು ಕಲ್ಯಾಣದುರ್ಗಕ್ಕೆ ಬಂದಳು. ತಿರುಮಲೇಶನಿಗೆ ಹೇಳಬೇಕು, ಅಷ್ಟೇ ಅಂದಳು. ನಾನೂ ಜೊತೆಗೆ ಹೋದೆ. ಅಂಗಡಿಯಲ್ಲಿ ಅವನು ಒಬ್ಬನೇ ಇದ್ದ. ಮಗಳು ಕೌಂಟರಿನ ಮೇಲೆ ಕೂತು ಗುಂಡಿಯ ಡಬ್ಬಿ ಅಲ್ಲಾಡಿಸುತ್ತಿತ್ತು. ಇಂದ್ರಾಣಿಯನ್ನು ನೋಡಿ ಅವನು ಎದ್ದು ನಿಂತ. ಅವಳು ಎರಡು ಮಾತಿನಲ್ಲಿ ಹೇಳಿ ಮುಗಿಸಿದಳು. ಎಕ್ಸ್‌ರೇ ತೋರಿಸಲಿಲ್ಲ, ಕಾರ್ಡು ತಂದೇ ಇರಲಿಲ್ಲ.

ಅವನು ಬಟ್ಟೆಯ ಥಾನಿನ ಮೇಲೆ ಕೈಯೂರಿ ನಿಂತೇ ಇದ್ದ. "ಯಾರಿಗೆ ಗೊತ್ತಿತ್ತು ಇದು?"

"ಯಾರಿಗೂ ಇಲ್ಲ. ಆಪರೇಷನ್ ಗಲಾಟೇಲಿ ಅವರು ಹಾಕಿದ್ರು, ನಾವು ಯಾರೂ ಕೇಳ್ಲಿಲ್ಲ," ಅಂದಳು.

ನಾನು ಪಕ್ಕದಲ್ಲೇ ಇದ್ದೆ. ಸುಮ್ಮನಿದ್ದೆ.

"ನಾನು ನಿನ್ನ ಕಳಿಸಿದ್ದು…" ಅಂತ ಅವನು ಶುರು ಮಾಡಿದ. ಅಷ್ಟರಲ್ಲಿ ಮಗು ಗುಂಡಿಯ ಡಬ್ಬಿ ಬೀಳಿಸಿತು, ಗುಂಡಿಗಳು ಅಂಗಡಿಯ ತುಂಬ ಚೆಲ್ಲಿದವು. ಇಂದ್ರಾಣಿ ಬಗ್ಗಿ ಆರಿಸತೊಡಗಿದಳು. ಅವನೂ ಬಗ್ಗಿದ. ಅವನ ಕಣ್ಣೀರು ನೆಲಕ್ಕೆ ಬೀಳುತ್ತಿತ್ತು, ಮಗು ಅದನ್ನು ಆಶ್ಚರ್ಯದಿಂದ ನೋಡುತ್ತಿತ್ತು. ಗುಂಡಿ ಆರಿಸಿ ಡಬ್ಬಿಗೆ ಹಾಕಿ, ಅವಳು ಮಗುವಿನ ತಲೆಯನ್ನು ಒಂದು ಸಲ ಸವರಿ ಹೊರಗೆ ಬಂದಳು. ಪೆದ್ದಮ್ಮನನ್ನು ನೋಡಿ ಹೋಗೋಣವಾ ಅಂತ ಕೇಳಿದೆ. ಬೇಡ, ಬಿಪಿ ಏರ್ತದೆ ಅಂದಳು.

ಮಧ್ಯಾಹ್ನದ ಬಸ್ಸಿನ ಹೊತ್ತಿನವರೆಗೆ ನನ್ನ ಮನೆಯಲ್ಲಿ ಕೂತಿದ್ದಳು. ಅಲ್ಲಿ ಒಂದು ಮಾತು ಕೇಳಿದಳು. "ಅಷ್ಟು ತಿಂಗಳು ದಿನ ಎಣಿಸಿದೆನಲ್ಲಕ್ಕ, ಒಂದು ಸಲಾನಾದ್ರೂ ಆಗೋ ಹಂಗಿತ್ತಾ?"

ನನಗೆ ಸುಳ್ಳು ಹೇಳಬೇಕೆನಿಸಿತು, ಹೇಳಲಿಲ್ಲ. "ನೂರಕ್ಕೆ ಒಬ್ಬರಿಗೂ ಆಗಲ್ಲ ಕಣಮ್ಮ," ಅಂದೆ.

"ನಾನು ಪಾಪ ಮಾಡಿದೀನಿ ಅನ್ಕೊಂಡಿದ್ದೆ," ಅಂದಳು. ಆಗ ಅತ್ತಳು. ಒಂಬತ್ತು ವರ್ಷದಲ್ಲಿ ನಾನು ಅವಳು ಅತ್ತಿದ್ದನ್ನು ನೋಡಿದ್ದು ಅದೊಂದೇ ಸಲ. ಗೋಡೆಗೆ ಹಣೆ ಒತ್ತಿಕೊಂಡು, ಸದ್ದಿಲ್ಲದೆ, ಬಸ್ಸು ಹೋಗುವವರೆಗೂ ಅತ್ತಳು. ಮುಂದಿನ ಬಸ್ಸಿಗೆ ಹೋದಳು.

ಅದಾದ ಮೇಲೆ ನಾನು ಕೆಲಸದಲ್ಲಿ ಒಂದು ಬದಲಾವಣೆ ಮಾಡಿಕೊಂಡೆ. ಕಾರ್ಡನ್ನು ಅಮ್ಮನ ಕೈಗೋ ಅತ್ತೆಯ ಕೈಗೋ ಕೊಡುವುದಿಲ್ಲ. ಹಾಕಿಸಿಕೊಂಡವಳನ್ನೇ ಕೂರಿಸಿಕೊಂಡು, ನಿನ್ನೊಳಗೆ ಏನಿದೆ ಹೇಳು ನೋಡೋಣ ಅಂತ ಕೇಳುತ್ತೇನೆ. ಅವಳು ಹೇಳಿದ ಮೇಲೇ ಕಳಿಸುವುದು. ಇದರಿಂದ ಇಂದ್ರಾಣಿಗೆ ಏನೂ ಆಗಲಿಲ್ಲ.

ಹೋದ ಸಂಕ್ರಾಂತಿಗೆ ಹಿಂದೂಪುರಕ್ಕೆ ಹೋಗಿದ್ದೆ. ತಾಯಿ ಮಗಳು ಅದೇ ಮನೆಯಲ್ಲಿದ್ದಾರೆ. ಶಿವಲಕ್ಷ್ಮಮ್ಮನಿಗೆ ಈಗ ಮಂಡಿ ನೋವಿನಿಂದ ನಡೆಯಲಾಗುವುದಿಲ್ಲ. ಇಂದ್ರಾಣಿ ಬೆಳಗ್ಗೆ ಆಕೆಗೆ ಸ್ನಾನ ಮಾಡಿಸಿ ಕೆಲಸಕ್ಕೆ ಹೋಗುತ್ತಾಳೆ, ಸಂಜೆ ಬಂದು ಮುದ್ದೆ ಮಾಡಿ, ಬಿಸಿ ಆರಿದೆಯಾ ಅಂತ ಮುಟ್ಟಿ ನೋಡಿ ತಟ್ಟೆಗೆ ಹಾಕುತ್ತಾಳೆ. ಮಾತಾಡುವುದಿಲ್ಲ. ಲೇಪಾಕ್ಷಿಯ ಕಡೆಯಿಂದ ಒಂದು ಸಂಬಂಧ ಬಂದಿತ್ತಂತೆ, ಹೆಂಡತಿ ಸತ್ತವನು, ಒಳ್ಳೆಯವನೇ. ಇಂದ್ರಾಣಿ ಬೇಡ ಅಂದಳಂತೆ. ಇದನ್ನೆಲ್ಲ ಹೇಳಿದ್ದು ಶಿವಲಕ್ಷ್ಮಮ್ಮ, ಮಗಳು ನೀರಿಗೆ ಹೋದಾಗ.

"ಒಂದು ಸಲ ಬೈದ್ಬುಡು ಅಂತ ಹೇಳಮ್ಮ ಅವಳಿಗೆ. ಹೊಡೆದ್ರೂ ಹೊಡೀಲಿ," ಅಂತ ನನ್ನ ಕೈ ಹಿಡಿದುಕೊಂಡಳು.

ಬಸ್‌ಸ್ಟ್ಯಾಂಡಿಗೆ ಕಳಿಸಲು ಬಂದಾಗ ಇಂದ್ರಾಣಿಗೆ ಅದನ್ನು ಹೇಳಿದೆ. ಅವಳು ನನ್ನ ಚೀಲವನ್ನು ತನ್ನ ಕೈಗೆ ತೆಗೆದುಕೊಂಡಳು.

"ಬಾಯಿ ತೆಗೆದ್ರೆ ಬರೋದು ಒಂದೇ ಮಾತು ಕಣಕ್ಕ. ನಾನು ಸತ್ತೋಗಿದ್ರೂ ಪರವಾಗಿರ್ಲಿಲ್ಲ, ನನ್ನ ಕೇಳ್ಬೇಕಿತ್ತು ಅಂತ. ಅದನ್ನ ಅವಳಿಗೆ ಹೆಂಗೆ ಹೇಳ್ಲಿ? ನಾನು ಬದುಕ್ಲಿ ಅಂತ ತಾನೇ ಅವಳು ಅಷ್ಟೂ ಮಾಡಿದ್ದು."

ಬಸ್ಸು ಬಂತು. ಸೀಟು ಹಿಡಿದು ಕಿಟಕಿಯಿಂದ ನೋಡುವಷ್ಟರಲ್ಲಿ ಅವಳು ಮನೆಯ ದಾರಿಗೆ ತಿರುಗಿದ್ದಳು. ಅಮ್ಮನಿಗೆ ಮಾತ್ರೆ ಕೊಡುವ ಹೊತ್ತಾಗಿತ್ತು.